ಶನಿವಾರಸಿದ್ಧಿ

(ಉಚ್ಚಂಗೆಮ್ಮನ ಗುಡ್ಡದ ಬುಡದ ಓಣಿ. ಡಿಸೆಂಬರಿನ ಗುರುವಾರ, ಮಧ್ಯಾಹ್ನ. ಚಳಿಗಾಲ ಅಂತ ಕ್ಯಾಲೆಂಡರಿನಲ್ಲಿದೆ. ಕಟ್ಟೆಯ ಕಲ್ಲಿಗೆ ಆ ಸುದ್ದಿ ಮುಟ್ಟಿಲ್ಲ. ಮಂಜುಳಾ ಸೀರೆಗೆ ಕುಚ್ಚು ಹಾಕುವ ಕ್ರೋಷಾ ಕಡ್ಡಿ ಹಿಡಿದು ಕೂತಿದ್ದಾಳೆ, ತೊಡೆಯ ಮೇಲೆ ಸೀರೆ ಮಾತ್ರ ಇಲ್ಲ. ಅತ್ತೆ ಹಾಲವ್ವ ಅವರೆಕಾಯಿ ಸುಲಿಯುತ್ತಿದ್ದಾಳೆ.)

ಹಾಲವ್ವ: ಸೀರಿ ಎಲ್ಲಿ ಹೋತು? ಬರೇ ದಾರ ಹಿಡಕಂಡು ಏನ್ ಮಾಡಾಕತ್ತಿ?

ಮಂಜುಳಾ: ಹಿಮದ ಹೂವು ಅತ್ತಿ. ಬೆಂಗಳೂರಿಂದ ನಿಮ್ಮ ಮಗಳು ಹೇಳ್ಯಾಳ. ಅವ್ರ ಅಪಾರ್ಟ್‌ಮೆಂಟಿನ್ಯಾಗ ಕ್ರಿಸ್‌ಮಸ್ ಗಿಡ ನಿಲ್ಲಸ್ತಾರಂತ. ಅದಕ್ಕ ಕಟ್ಟಾಕ ನೂರು ಬೇಕಂತ. ಎಪ್ಪತ್ತು ಹೂವು, ಇಪ್ಪತ್ತು ಗಂಟಿ, ಹತ್ತು ಚುಕ್ಕಿ.

ಹಾಲವ್ವ: ಗಿಡಕ್ಕ ಕಟ್ತಾರಾ? ಮಕ್ಕಳಾಗ್ಲಿ ಅಂತ ತೊಟ್ಟಿಲ ಕಟ್ಟಿದಂಗ?

ಮಂಜುಳಾ: ಹರಕಿ ಅಲ್ಲ ಅತ್ತಿ. ಚಂದಕ್ಕ.

ಹಾಲವ್ವ: ಏನೂ ಬೇಡಿಕಳ್ಳದಂಗ ಗಿಡಕ್ಕ ಕಟ್ತಾರಾ! ಹಂಗಾರ ಆ ಮಂದಿಗೆ ಯಾತರದೂ ಕಡಿಮಿ ಇಲ್ಲ ಬಿಡು. ನಿನ್ನಿ ಮಾಡಿದ್ದು ಎಲ್ಲಿ?

ಮಂಜುಳಾ: (ತಲೆ ತಗ್ಗಿಸಿ) ಇರಿವಿ ಪಾಲಾದವು.

ಹಾಲವ್ವ: ದಾರ ತಿನ್ನೋ ಇರಿವಿ ಯಾವ ಊರವು?

ಮಂಜುಳಾ: ಹೆಣದ ಹೂವು ಹಂಗ ಬಿಟ್ರ ಒಗದ ಕರ್ಚೀಫಿನಂಗ ಜೋತು ಬೀಳತೈತಿ. ಬಿರುಸಾಗಬೇಕಂದ್ರ ಸಕ್ರಿ ಪಾಕದಾಗ ಅದ್ದಿ, ಗುಂಡುಪಿನ್ ಚುಚ್ಚಿ ಒಣಗಸ್ರಿ ಅಂತ ಮೊಬೈಲ್‌ನ್ಯಾಗ ತೋರಿಸಿದ್ರು. ಬೆಳಗಾಗೂದ್ರಾಗ ಒಂದೊಂದು ಎಸಳಿಗೆ ಒಂದೊಂದು ಸಾಲು ಹತ್ತಿತ್ತು.

ಹಾಲವ್ವ: ಭರತ ಹುಣ್ಣಿಮಿ ಮಂದಿ ಗುಡ್ಡ ಹತ್ತಿದಂಗ! ನಿಮ್ಮ ಮಾವನ ಪಂಜಿಗೆ ಮೂವತ್ತು ವರ್ಷ ಅಕ್ಕಿ ಗಂಜಿ ಹಾಕೀನಿ, ಅದು ಅವ್ರಿಲ್ಲದನೂ ನಿಂದರ್ತಿತ್ತು. ಹೋಗು, ಒಲಿ ಮ್ಯಾಲೆ ತಿಳಿ ಐತಿ, ತಗಂಡು ಬಾ.

(ಗಂಜಿ ಬರುತ್ತದೆ. ಅದ್ದಿದ ಹೂಗಳನ್ನು ಮಂಜುಳಾ ಬಾಗಿಲ ಮುಂದಿನ ಬೇವಿನ ಟೊಂಗೆಗೆ ಒಂದೊಂದಾಗಿ ತೂಗುಹಾಕುತ್ತಾಳೆ. ಹಾಲವ್ವ ತಾನೂ ಒಂದು ಕಡ್ಡಿ ಎತ್ತಿಕೊಳ್ಳುತ್ತಾಳೆ. ಪಕ್ಕದ ಮನೆಯ ನಿವೃತ್ತ ಕೊಟ್ರೇಶಿ ಮೇಷ್ಟ್ರು ಚಹಾದ ವಾಸನೆ ಹಿಡಿದು ಬರುತ್ತಾರೆ. ಒಲೆಯ ಮೇಲಿರುವುದು ಗಂಜಿ ಅಂತ ಅವರಿಗೆ ಗೊತ್ತಿಲ್ಲ.)

ಮೇಷ್ಟ್ರು: ಹಾಲಕ್ಕ, ನಿನ್ನ ಹೂವಿಗೆ ಎಂಟು ಎಸಳು ಅದಾವಲ್ಲ!

ಹಾಲವ್ವ: ರಂಗೋಲಿಗೆ ಎಂಟ ಇರ್ತಾವ.

ಮೇಷ್ಟ್ರು: ಹಿಮಕ್ಕ ಆರು. ನೀರು ಹೆಪ್ಪುಗಟ್ಟುವಾಗ ಅದರ ಕಣಗಳು ಆರು ಮೂಲಿಯಾಗಿ ಕೂಡ್ತಾವ. ಅದಕ್ಕ ಎಲ್ಲಿ ಬಿದ್ರೂ ಆರು.

ಹಾಲವ್ವ: ನಮ್ಮೂರಾಗ ಬೀಳೂದ ಇಲ್ಲ. ಯಾವಾತ ಬಂದು ಎಣಸ್ತಾನ?

ಮಂಜುಳಾ: ನನ್ನ ನೋಡ್ರಿ ಅತ್ತಿ. ಆರು ಚೈನು ಹಾಕಿ ಲಾಕ್ ಮಾಡಿದ್ರ ಉಂಗುರಾತು. ಅದರೊಳಗ ಹನ್ನೆರಡು ಡಬಲ್ಲು. ಎರಡಕ್ಕೊಂದು ಎಸಳು.

ಹಾಲವ್ವ: ಕುಚ್ಚಿಗೆ ಹಾಕೂದೂ ಇದ ಅಲ್ಲೇನ?

ಮಂಜುಳಾ: ಇದ. ಅಲ್ಲಿ ಮಣಿ, ರೇಷ್ಮಿ ದಾರ. ಇಲ್ಲಿ ಹತ್ತಿ ದಾರ.

ಮೇಷ್ಟ್ರು: ಆಂಧ್ರದ ನರಸಾಪುರದಾಗ ಸಾವಿರಾರು ಹೆಣ್ಮಕ್ಕಳು ಇದ ಕಡ್ಡಿ ನಂಬಿ ಬದುಕ್ಯಾರ. ಹತ್ತೊಂಬತ್ತನೇ ಶತಮಾನದಾಗ ಪಾದ್ರಿಗಳ ಕಡೆಯೋರು ಕಲಿಸಿದ್ದು. ಹಡಗು ಹತ್ತಿ ದೇಶಾಂತರ ಹೋಗತೈತಿ ಆ ಲೇಸು. 2024ರಾಗ ಅದಕ್ಕ ಜಿಐ ಟ್ಯಾಗ್ ಸಿಕ್ತು. ನಮ್ಮ ಸಂಡೂರಿನ ಲಂಬಾಣಿ ಕಸೂತಿಗೆ ಮೊದಲ ಸಿಕ್ಕೈತಿ.

ಹಾಲವ್ವ: ಆ ಟ್ಯಾಗು ಎಲ್ಲಿಗೆ ಹೊಲೀತಾರ? ಸೆರಗಿಗೋ, ಕೊಳ್ಳಿಗೋ?

ಮೇಷ್ಟ್ರು: ಹೊಲಿಯೂದಲ್ಲ ಅಕ್ಕ, ಹೆಸರು. ಇನ್ನೊಂದು ಕೇಳು. ಸ್ವೆಟರ್ ಹೆಣಿಯಾಕ ಮಷೀನು ಬಂದು ಯಾವ ಕಾಲಾತು. ಕ್ರೋಷಾಕ್ಕ ಇನ್ನೂ ಬಂದಿಲ್ಲ. ಕೈಯಾಗ ಆಗಬೇಕು.

ಹಾಲವ್ವ: ಮಷೀನಿಗೆ ಬುದ್ಧಿ ಐತಿ. ಈ ಕೂಲಿಗೆ ಯಾರ್ ಮಾಡ್ತಾರ ಅಂತ ಸುಮ್ಮನ ಕುಂತೈತಿ. ಸೀರಿ ಅಂಗಡ್ಯಾವ ಇಕಿಗೆ ಕುಚ್ಚಿಗೆ 300 ಕೊಟ್ಟು ಗಿರಾಕಿ ಕಡಿಂದ 900 ಇಸಗಂತಾನ.

ಮೇಷ್ಟ್ರು: ಗಿಡ ಸಿಂಗರಿಸೂದು ಜರ್ಮನಿ ಕಡೆ ಪದ್ಧತಿ. 1848ರಾಗ ವಿಕ್ಟೋರಿಯಾ ರಾಣಿ ಮನ್ಯಾಗಿನ ಗಿಡದ ಚಿತ್ರ ಲಂಡನ್ನಿನ ಪೇಪರಿನ್ಯಾಗ ಬಂತು. ಆಮ್ಯಾಲೆ ಎಲ್ಲಾರ ಮನ್ಯಾಗೂ ಗಿಡ!

ಹಾಲವ್ವ: ರಾಣಿ ಉಟ್ಟ ಸೀರಿನ ಬೇಕು ಎಲ್ಲಾರಿಗೂ. ನಮ್ಮಲ್ಲಿ ಸೀರಿಯಲ್ ನೋಡಿ ಕುಚ್ಚು ಕೇಳ್ತಾರ, ಅಷ್ಟ ಫರಕು.

ಮಂಜುಳಾ: ಮೇಷ್ಟ್ರೆ, ನಾಡಿದ್ದು ಶನಿವಾರ ಪಾರ್ಸಲ್ ಹೋಗಬೇಕ್ರಿ. ಡಬ್ಬಿ ಮ್ಯಾಲೆ ನಮ್ಮ ಅಡ್ರೆಸ್ ಬರದು ಕೊಡ್ರಿ.

ಮೇಷ್ಟ್ರು: (ಪೆನ್ನು ತೆಗೆದು) ಉಚ್ಚಂಗಿದುರ್ಗ, ಹರಪನಹಳ್ಳಿ ತಾಲೂಕು, ಜಿಲ್ಲಾ...

ಹಾಲವ್ವ: ಬಳ್ಳಾರಿ.

ಮಂಜುಳಾ: ನನ್ನ ಆಧಾರ್‌ನ್ಯಾಗ ದಾವಣಗೆರೆ ಐತಿ.

ಮೇಷ್ಟ್ರು: 1997ರ ತನಕ ಬಳ್ಳಾರಿ. ಆಮ್ಯಾಲೆ ದಾವಣಗೆರೆ. ತಿರುಗಿ ಬಳ್ಳಾರಿ. 2021ರಿಂದ ವಿಜಯನಗರ.

ಹಾಲವ್ವ: ನಾನು ಕುಂತ ಕಟ್ಟಿ ಬಿಟ್ಟು ಎದ್ದಿಲ್ಲ, ಮೂರು ಜಿಲ್ಲಾ ತಿರುಗಿ ಬಂದೆ! ಎಲ್ಲಾ ಹೆಸರೂ ಬರಿ ಕೊಟ್ರೇಶಿ, ಯಾವುದರ ಒಂದು ಹತ್ತತೈತಿ.

ಮೇಷ್ಟ್ರು: ಶನಿವಾರ ಅಂದ್ಯಲ್ಲ ಮಂಜವ್ವ, ಒಳ್ಳೆ ಶಕುನ. ಹೊಯ್ಸಳರ ಇಮ್ಮಡಿ ಬಲ್ಲಾಳ ಈ ಗುಡ್ಡದ ಕ್ವಾಟಿಯನ್ನ ಪಾಂಡ್ಯರ ಕಡಿಂದ ಗೆದ್ದಾತ. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಅಂತ ಆತಗ ಬಿರುದು ಇದ್ವು.

ಮಂಜುಳಾ: ಒಂದು ಕ್ವಾಟಿಗೆ ಎರಡು ಬಿರುದು! ನೂರು ಹೂವಿಗೆ ನನಗ ಏನ್ರಿ?

ಹಾಲವ್ವ: ಕಣ್ಣಿಗೆ ಚಸ್ಮಾ.

(ಈ ಗದ್ದಲದಲ್ಲಿ ಯಾರೂ ಬೇವಿನ ಕಡೆ ನೋಡಿಲ್ಲ. ಗುಡ್ಡ ಇಳಿದು ಬಂದ ಪರಊರಿನ ಹೆಂಗಸೊಬ್ಬಳು ಗಿಡದ ಮುಂದೆ ನಿಂತಿದ್ದಾಳೆ. ಚಪ್ಪಲಿ ಬಿಡುತ್ತಾಳೆ, ಕೈಮುಗಿಯುತ್ತಾಳೆ, ಬೊಡ್ಡೆಗೆ ಅರಿಶಿಣ ಹಚ್ಚುತ್ತಾಳೆ. ಒಂದು ಹೂವನ್ನು ಮೆಲ್ಲಗೆ ಬಿಡಿಸಿ ಕಣ್ಣಿಗೊತ್ತಿ, ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ.)

ಮಂಜುಳಾ: ಅಯ್ಯೋ ಅತ್ತಿ, ಒಂದು ಕಡಿಮಿ ಬಂತು! ಬುಡದಾಗ ಏನೋ ಇಟ್ಟು ಹೋಗ್ಯಾಳ ನೋಡ್ರಿ.

ಹಾಲವ್ವ: (ಎದ್ದು ಹೋಗಿ ಎಣಿಸಿ) ಐವತ್ತೊಂದು ರೂಪಾಯಿ! ನನ್ನ ಮಗಳು ಒಂದಕ್ಕ ಎಷ್ಟು ಕೊಡ್ತೀನಿ ಅಂದಾಳ?

ಮಂಜುಳಾ: ಮೂವತ್ತು.

ಮೇಷ್ಟ್ರು: ಹಾಲಕ್ಕ, ಇದು ತಪ್ಪು. ಆಕಿಗೆ ಕರದು ಹೇಳಬೇಕು.

ಹಾಲವ್ವ: ಏನಂತ ಹೇಳ್ಲಿ? ಹಿಮ ಅಂತಲೋ? ಮಂಜುಳಾ, ನಾಳಿ ಶುಕ್ರವಾರ, ಗುಡ್ಡಕ್ಕ ಮಂದಿ ಬಾಳ ಬರ್ತಾರ. ಆ ಗಂಜಿ ಪಾತ್ರಿ ತೊಳೀಬ್ಯಾಡ.