ಉಭಯಜಾವಾ ಸನ್ನಿಪಾತ: ಒಂದು ತಾತ್ವಿಕ ವಿವೇಚನೆ

ಒಂದೇ ಗಣಕಯಂತ್ರದೊಳಗೆ ಎರಡು ಅಥವಾ ಅದಕ್ಕೂ ಹೆಚ್ಚು ಜಾವಾ ಆವೃತ್ತಿಗಳು ಸಹವಾಸ ಮಾಡುವುದರಿಂದ ಉಂಟಾಗುವ ತಂತ್ರಾಂಶ-ಅನುನ್ಮೀಲನ ದೋಷವನ್ನು, ಅಂದರೆ ಐಕಾನಿನ ಮೇಲೆ ಎಷ್ಟು ಸಲ ಒತ್ತಿದರೂ ಏನೂ ತೆರೆಯದಿರುವ ಸ್ಥಿತಿಯನ್ನು, ಶಾಸ್ತ್ರೀಯ ಚೌಕಟ್ಟಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಈ ವಿಷಯದಲ್ಲಿ ಪೂರ್ವಸೂರಿಗಳು ನಡೆಸಿದ ಸಂಶೋಧನೆಯೆಲ್ಲ ಸಹಾಯವಾಣಿಯಲ್ಲಿ ನಡೆದಿದ್ದು, ಬಹುಭಾಗ ಕಾಯಿಸುವ ಸಂಗೀತದಲ್ಲಿ ಲೀನವಾಗಿರುವುದು ವಿಷಾದನೀಯ.

ಅಧ್ಯಯನದ ವ್ಯಾಪ್ತಿ: ತಾಲ್ಲೂಕು ಕೇಂದ್ರದ ಸೈಬರ್ ಸೆಂಟರು. ಅಧ್ಯಯನದ ವಸ್ತು: ಟೆಂಡರ್ ಹಾಕಲು ಬಂದ ಸಣ್ಣ ಗುತ್ತಿಗೆದಾರ ಮತ್ತು ಅವನ ಡಿಜಿಟಲ್ ಸಹಿ ಅಡಗಿರುವ ಯುಎಸ್‌ಬಿ ಟೋಕನ್. ಈ ಸಹಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಕಾನೂನಿನ ಮಾನ್ಯತೆ ಕೊಟ್ಟಿದೆ. ಯಾವ ಜಾವಾದಲ್ಲಿ ಎಂಬ ಬಗ್ಗೆ ಕಾಯ್ದೆ ಮೌನವಾಗಿದೆ.

ಅನುನ್ಮೀಲನವು ಏಳು ವಿಧ: ಪಥಜನ್ಯ, ಅಂಕಜನ್ಯ, ಬಿಟ್‌ವೈಷಮ್ಯಜನ್ಯ, ಗೃಹಜನ್ಯ, ನವೀಕರಣಜನ್ಯ, ಮೌನಜನ್ಯ ಮತ್ತು ಸಂಕೀರ್ಣ. ಏಳೇ ಏಕೆಂದು ಕೇಳಕೂಡದು. ಅಭಾವವನ್ನು ಸೇರಿಸಿಕೊಂಡ ಮೇಲೆ ವೈಶೇಷಿಕರ ಪದಾರ್ಥಗಳೂ ಏಳೇ.

ಪಥಜನ್ಯದಲ್ಲಿ ಪ್ರಮೇಯ ಹೀಗಿದೆ. ಯಾವುದಾದರೂ ತಂತ್ರಾಂಶ ‘ಜಾವಾ’ ಎಂದು ಕೂಗಿದಾಗ ವಿಂಡೋಸ್, ಪಾತ್ ಎಂಬ ಪಟ್ಟಿಯ ಫೋಲ್ಡರುಗಳನ್ನು ಒಂದೊಂದಾಗಿ ತಡಕುತ್ತ ಹೋಗಿ ಮೊದಲು ಸಿಕ್ಕಿದ್ದನ್ನು ಹಿಡಿದು ತರುತ್ತದೆ. ಸಮಬಲದ ಎರಡು ಸೂತ್ರಗಳಿಗೆ ಜಗಳ ಬಿದ್ದರೆ ನಂತರದ್ದು ಗೆಲ್ಲಲಿ ಎಂದು ಪಾಣಿನಿ ತೀರ್ಮಾನ ಕೊಟ್ಟು ಎರಡು ಸಾವಿರ ವರ್ಷಗಳ ಮೇಲಾಯಿತು. ಇಲ್ಲಿ ಮೊದಲಿನದೇ ಗೆಲ್ಲುತ್ತದೆ. ಪಟ್ಟಿಯಾದರೂ ಒಂದೇ? ಸಿಸ್ಟಮ್ಮಿನದು ಒಂದು, ಬಳಕೆದಾರನದು ಒಂದು. ಸಿಸ್ಟಮ್ಮಿನದು ಮುಂದೆ, ಬಳಕೆದಾರನದು ಅದರ ಬಾಲಕ್ಕೆ. ಹಾಗಾಗಿ ಬಳಕೆದಾರ ತನ್ನ ಪಾಲಿನ ಪಟ್ಟಿಯಲ್ಲಿ ಹೊಸ ಜಾವಾವನ್ನು ತುತ್ತತುದಿಗೆ ಏರಿಸಿದರೂ, ಹಳೆಯ ಜಾವಾ ಸಿಸ್ಟಮ್ ಪಟ್ಟಿಯಲ್ಲಿ ಎಲ್ಲೇ ಮುದುರಿ ಕೂತಿದ್ದರೂ ಗೆಲುವು ಅದರದೇ. ಪರಿಹಾರ: ಕಮಾಂಡ್ ಪ್ರಾಂಪ್ಟಿನಲ್ಲಿ ‘ವೇರ್ ಜಾವಾ’ ಎಂದು ಒತ್ತಿದರೆ ಪಾತ್‌ನಲ್ಲಿರುವ ಜಾವಾಗಳೆಲ್ಲ ಸರದಿಯಂತೆ ಹೊರಬೀಳುತ್ತವೆ. ಮೊದಲ ಸಾಲಿನದೇ ಆರೋಪಿ. ಪಾತ್ ತಿದ್ದಿದ ಮೇಲೆ ಆ ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆಯಬೇಕು. ತೆರೆದೇ ಇದ್ದ ಕಿಟಕಿ ಹಳೆಯ ಪಟ್ಟಿಯನ್ನೇ ಜಪಿಸುತ್ತಿರುತ್ತದೆ. ಇದನ್ನು ಸಹಾಯವಾಣಿಯಲ್ಲಿ ಯಾರೂ ಹೇಳುವುದಿಲ್ಲ. ಪಾಪ, ಅವರಿಗೂ ಯಾರೂ ಹೇಳಿರುವುದಿಲ್ಲ.

ಅಂಕಜನ್ಯ ಇನ್ನೂ ಸೊಗಸಾದದ್ದು. ಜಾವಾದ ಪ್ರತಿಯೊಂದು ಕ್ಲಾಸ್ ಫೈಲೂ ‘ಕೆಫೆಬೇಬ್’ ಎಂದು ಓದಬಹುದಾದ ನಾಲ್ಕು ಬೈಟುಗಳಿಂದ ಮಂಗಳಾಚರಣೆ ಮಾಡಿ, ಅದರ ಬೆನ್ನಿಗೇ ತನ್ನ ಆವೃತ್ತಿಯ ಅಂಕವನ್ನು ಸಾರುತ್ತದೆ. ಜಾವಾ 8ಕ್ಕೆ 52, 11ಕ್ಕೆ 55, 17ಕ್ಕೆ 61. ಬಂದ ಅಂಕದಲ್ಲಿ 44 ಕಳೆದರೆ ಬೇಕಾದ ಜಾವಾ ಯಾವುದೆಂದು ತಿಳಿಯುತ್ತದೆ. ಇದಕ್ಕೆ ಚತುಶ್ಚತ್ವಾರಿಂಶದ್ವ್ಯವಕಲನ ನ್ಯಾಯವೆಂದು ಹೆಸರು. ಹೆಸರಿಟ್ಟವನು ನಾನೇ, ಆದರೆ ಲೆಕ್ಕ ನಿಜ. 52ರವರೆಗೆ ಮಾತ್ರ ಬಲ್ಲ ಜಾವಾದ ಮುಂದೆ 55 ಬಂದು ನಿಂತರೆ ಅದು ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್’ ಎಂದು ಕೈಚೆಲ್ಲುತ್ತದೆ.

ಹಾಗಾದರೆ ಎಲ್ಲರೂ ಹೊಸ ಜಾವಾವನ್ನೇ ಹಾಕಿಕೊಂಡರಾಯಿತಲ್ಲ ಎಂಬುದು ಪೂರ್ವಪಕ್ಷ. ಆಗುವುದಿಲ್ಲ. 2018ರ ಜಾವಾ 11 ಬರುವಾಗ ಎಕ್ಸ್‌ಎಂಎಲ್ ಕೆಲಸದ ಜಾಕ್ಸ್‌ಬಿಯನ್ನು ಬಿಟ್ಟು ಬಂತು. ಅದು ಇದ್ದೇ ಇರುತ್ತದೆಂದು ನಂಬಿದ ತಂತ್ರಾಂಶಗಳು ನಡುದಾರಿಯಲ್ಲಿ ನಿಂತವು. ಅದಕ್ಕೂ ಮುಂಚೆಯೇ ಬ್ರೌಸರುಗಳು ಜಾವಾ ಆ್ಯಪ್ಲೆಟ್ಟುಗಳಿಗೆ ಬಾಗಿಲು ಹಾಕಿದ್ದವು: ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ. ಒಮ್ಮೆ ಬರೆದರೆ ಎಲ್ಲಾದರೂ ಓಡುತ್ತದೆ ಎಂದು ಸನ್ ಸಂಸ್ಥೆ ಡಂಗುರ ಸಾರಿದ ಭಾಷೆ ಇದು. ಪೈಥಾನಿಗರು ವಾಸಿ. 2008ರಲ್ಲಿ ಮೂರನೆಯದನ್ನು ಹೆತ್ತು, 2020ರ ಜನವರಿ 1ಕ್ಕೆ ಎರಡನೆಯದರ ತಿಥಿಯನ್ನೂ ಗೊತ್ತುಮಾಡಿ, 2.8 ಎಂಬುದು ಹುಟ್ಟುವುದೇ ಇಲ್ಲವೆಂದು ಸಾರಲು ಪ್ರತ್ಯೇಕ ದಾಖಲೆಯನ್ನೇ ಹೊರಡಿಸಿದರು.

ಬಿಟ್‌ವೈಷಮ್ಯ: ಟೋಕನ್ನಿನ ಡ್ರೈವರು 32 ಬಿಟ್ಟಿನದು, ಜಾವಾ 64 ಬಿಟ್ಟಿನದು, ಜಾತಕ ಕೂಡಿಬರುವುದಿಲ್ಲ. ಗೃಹಜನ್ಯ: ಕೆಲವು ತಂತ್ರಾಂಶಗಳು ಪಾತ್ ಬಿಟ್ಟು ಜಾವಾ ಹೋಮ್ ಎಂಬುದನ್ನು ನೋಡುತ್ತವೆ, ಕೆಲವು ರಿಜಿಸ್ಟ್ರಿಯನ್ನು ಕೆದಕುತ್ತವೆ. ಮೂರೂ ಕಡೆ ಮೂರು ಜಾವಾ ಇರಬಹುದು. ಮಿಕ್ಕ ವಿಧಗಳನ್ನು ಜಿಜ್ಞಾಸುಗಳು ತಾವೇ ಊಹಿಸಿಕೊಳ್ಳಲಿ, ನನಗೆ ಸಾಕಾಗಿದೆ.

ಇನ್ನು ಮತವಿಚಾರ. ಎಲ್ಲ ಕಿತ್ತುಹಾಕಿ ಮೊದಲಿಂದ ಹಾಕಿ ಎನ್ನುವವರು ಪ್ರಳಯವಾದಿಗಳು. ಆಫ್ ಮಾಡಿ ಆನ್ ಮಾಡಿ ಎನ್ನುವವರು ಪುನರ್ಜನ್ಮವಾದಿಗಳು. ಈ ಇಬ್ಬರನ್ನೂ ಕ್ಷಮಿಸಬಹುದು. ಮೂರನೆಯವರು ಸ್ವಯಂತ್ರಪ್ರಾಮಾಣ್ಯವಾದಿಗಳು. ತಮ್ಮ ಯಂತ್ರದಲ್ಲಿ ಓಡಿದ್ದೇ ಪರಮ ಪ್ರಮಾಣ, ಲೋಕಾನುಭವ ಭ್ರಮೆ. ಇವರ ಮಹಾವಾಕ್ಯ: ‘ನಮ್ಮ ಕಡೆ ಸರಿಯಾಗಿದೆ ಸಾರ್, ನಿಮ್ಮ ಸಿಸ್ಟಮ್ಮಲ್ಲೇ ಪ್ರಾಬ್ಲಮ್ಮು. ಎರಡೆರಡು ಜಾವಾ ಯಾಕೆ ಹಾಕಿಸ್ಕೊಂಡಿದೀರಾ?’

ಯಾಕೆ ಹಾಕಿಸಿಕೊಂಡರಂತೆ! ಯುಗಾದಿಗೆ ಹೊಸ ಬಟ್ಟೆಯ ಜೊತೆ ಒಂದು ಜಾವಾ ಇರಲಿ ಎಂದು ಯಾರಾದರೂ ತಂದುಕೊಂಡಿದ್ದಾರೆಯೇ? ಟೆಂಡರಿನ ಕೈಪಿಡಿ ಇದೇ ಬೇಕು ಅಂದಿತು, ತೆರಿಗೆಯ ಕೈಪಿಡಿ ಅದೇ ಬೇಕು ಅಂದಿತು, ಸೆಂಟರಿನ ಹುಡುಗಿ ಎರಡನ್ನೂ ಹಾಕಿದಳು. ಇಬ್ಬರ ಮಾತನ್ನೂ ಕೇಳಿದ್ದೇ ಅವಳ ಅಪರಾಧ. ಟೆಂಡರಿನ ಗಡುವು ಸರ್ವರಿನ ಗಡಿಯಾರದ ಪ್ರಕಾರ ಮುಗಿಯುತ್ತದೆ. ಸಹಿ ಬೀಳಲಿಲ್ಲವೆಂದು ಅದು ಕಾಯುವುದಿಲ್ಲ. ಟೆಂಡರಿನ ಠೇವಣಿಯಾದ ಇಎಂಡಿಗೆ ಸಾಲ ಮಾಡಿ ಬಂದವನು ಪಕ್ಕದ ಕುರ್ಚಿಯಲ್ಲಿ ಟೋಕನ್ ಹಿಡಿದು ಕೂತಿರುತ್ತಾನೆ. ಅವನಿಗೆ ಚರಂಡಿಯ ಇಳಿಜಾರು ಗೊತ್ತು, ಜಲ್ಲಿಯ ದರ ಗೊತ್ತು. ಇಂಗ್ಲಿಷಿನಲ್ಲಿ ಬಂದ ಪುಟ್ಟ ಕಿಟಕಿ ಏನು ಹೇಳುತ್ತಿದೆ ಎಂದು ಹುಡುಗಿಯನ್ನು ಕೇಳುತ್ತಾನೆ. ಅವಳು ಓದುತ್ತಾಳೆ: ಜೆಎನ್‌ಐ ದೋಷ ಉಂಟಾಗಿದೆ, ನಿಮ್ಮ ಅನುಸ್ಥಾಪನೆಯನ್ನು ಪರೀಕ್ಷಿಸಿ ಮತ್ತೆ ಪ್ರಯತ್ನಿಸಿ. ‘ಹಂಗಂದ್ರೆ?’ ‘ಗೊತ್ತಿಲ್ಲ ಅಣ್ಣ.’ ಮತ್ತೆ ಪ್ರಯತ್ನಿಸುತ್ತಾಳೆ. ಅದೇ ಕಿಟಕಿ ಬರುತ್ತದೆ.

ಮೌನಜನ್ಯವೆಂದು ಮೇಲೆ ಹೆಸರಿಸಿ ಕೈಬಿಟ್ಟ ವಿಧ ಇದೇ. ಜಾರ್ ಫೈಲಿನ ಮೇಲೆ ಎರಡು ಸಲ ಒತ್ತಿದಾಗ ಅದನ್ನು ಓಡಿಸುವ ಜಾವಾಡಬ್ಲ್ಯೂಗೆ ಕನ್ಸೋಲ್ ಇರುವುದಿಲ್ಲ, ಹಾಗಾಗಿ ಕಿಟಕಿ ಬಂದರೂ ಕಾರಣ ಕಾಣುವುದಿಲ್ಲ. ಅದೇ ಫೈಲನ್ನು ಕಮಾಂಡ್ ಪ್ರಾಂಪ್ಟಿನಿಂದ ಓಡಿಸಿದರೆ ಈಗಿನ ಜಾವಾ ಎರಡು ಅಂಕಗಳನ್ನೂ ಹೇಳುತ್ತದೆ: ಬಂದದ್ದು 55, ನಾನು ಬಲ್ಲದ್ದು 52. ಅಂದಮೇಲೆ ವಿಷಯ ಅದಕ್ಕೆ ಗೊತ್ತೇ ಇತ್ತು. ತಾನು ಯಾವ ಫೋಲ್ಡರಿನಿಂದ ಎದ್ದು ಬಂದೆ ಎಂಬುದೂ ಗೊತ್ತಿತ್ತು. ‘ನಾನು ಹಳೆಯ ಜಾವಾ, ಇಂಥ ಜಾಗದಲ್ಲಿದ್ದೇನೆ, ನಿಮಗೆ ಬೇಕಾದದ್ದು 11’ ಎಂದು ಆ ಕಿಟಕಿಯಲ್ಲೇ, ಕನ್ನಡದಲ್ಲೇ ಬರೆಯಲು ಯಾವ ಹೊಸ ಸಂಶೋಧನೆಯೂ ಬೇಕಿರಲಿಲ್ಲ. ಸಹಿಯ ತಂತ್ರಾಂಶ ಬರೆದವರಾದರೂ ತಮಗೆ ಬೇಕಾದ ಜಾವಾವನ್ನು ಅದರ ಜೊತೆಗೇ ಕಟ್ಟಿಕೊಡಬಹುದಿತ್ತು. ಆಗ ಪಾತ್‌ನಲ್ಲಿ ಯಾರು ಮೊದಲಿದ್ದರೆ ಏನಂತೆ? ಜಾವಾ 9ರಿಂದೀಚೆಗೆ ಅದಕ್ಕೆಂದೇ ಜೆಲಿಂಕ್ ಎಂಬ ಸಾಧನವಿದೆ, ಬಿಟ್ಟಿಯಾಗಿ. ಅದನ್ನು ಬಳಸಿದರೆ ಇಳಿಸಿಕೊಳ್ಳುವ ಫೈಲು ಕೆಲವು ಹತ್ತು ಎಂಬಿ ದಪ್ಪವಾಗುತ್ತದೆ, ಅಷ್ಟೇ. ಅಷ್ಟನ್ನು ಉಳಿಸಿದ್ದಾರೆ.