ಹಳದಿ ಕಾರ್ಡಿನ ಜೊತೆ ಹತ್ತು ನಿಮಿಷ

ದೇವನಹಳ್ಳಿಯ ವಿಮಾನ ನಿಲ್ದಾಣ, ನಸುಕಿನ ಮೂರು ಗಂಟೆ. ಸೆಕ್ಯೂರಿಟಿ ದಾಟಿ ಬಂದ ಯಜಮಾನರು ಕಾಫಿ ತರಲು ಹೋಗಿದ್ದಾರೆ, ಅವರ ಮನೆಯವರು ತೂಕಡಿಸುತ್ತಿದ್ದಾರೆ. ಪಾಸ್‌ಪೋರ್ಟಿನ ಪ್ಲಾಸ್ಟಿಕ್ ಕವರಿನಿಂದ ಇಣುಕುತ್ತಿದ್ದ ಯೆಲ್ಲೋ ಫೀವರ್ (ಹಳದಿ ಜ್ವರ) ಲಸಿಕೆಯ ಕಾರ್ಡ್ ಮಾತಿಗೆ ಸಿಕ್ಕಿತು.

ನಮಸ್ಕಾರ. ಎಲ್ಲಿಗೆ ಸವಾರಿ?

ಕೀನ್ಯಾಕ್ಕೆ. ಸಿಂಹ ನೋಡೋಕೆ ಇವರು, ಇವರನ್ನ ನೋಡ್ಕೊಳ್ಳೋಕೆ ನಾನು. ಪಕ್ಕದಲ್ಲಿ ಮುಖ ಊದಿಸಿಕೊಂಡಿರೋದು ಪಾಸ್‌ಪೋರ್ಟು. ಅದಕ್ಕೆ ಆಯಸ್ಸು ಹತ್ತೇ ವರ್ಷ. ನನಗೂ ಮೊದಲು ಅಷ್ಟೇ ಇತ್ತು, 2016ರ ಜುಲೈ 11ರಿಂದ ಚುಚ್ಚಿಸಿಕೊಂಡವರು ಬದುಕಿರೋವರೆಗೂ ನಾನು ಊರ್ಜಿತ. ಅವತ್ತಿಂದ ನಮ್ಮಿಬ್ಬರಿಗೂ ಮಾತುಕತೆ ಇಲ್ಲ.

ನೀವು ಸುಲಭಕ್ಕೆ ಸಿಗೋದಿಲ್ಲವಂತೆ?

ಗಲ್ಲಿಗಲ್ಲಿಯ ಕ್ಲಿನಿಕ್ಕಲ್ಲಿ ಸಿಗಲ್ಲ, ಸರ್ಕಾರ ಮಾನ್ಯ ಮಾಡಿರೋ ಕೇಂದ್ರಕ್ಕೇ ಹೋಗಬೇಕು. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದು. ಕಲಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದು ಕಸಕ್ಕೆ. ಅದಕ್ಕೇ ಇಂಥ ದಿನ ಬನ್ನಿ ಅಂತ ಗೊತ್ತು ಮಾಡ್ತಾರೆ. ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲೇ ನಾನು ಚಲಾವಣೆಗೆ ಬರೋದು. ನಮ್ಮ ಜನ ಆರು ತಿಂಗಳ ಮುಂಚೆ ಟಿಕೆಟ್ ತಗೊಂಡು, ಮಸಾಯಿ ಮಾರಾದಲ್ಲಿ ಜೀಪು ಗೊತ್ತು ಮಾಡಿ, ಖಾಕಿ ಟೋಪಿ ಹಾಕ್ಕೊಂಡು ಫೋಟೋನೂ ತೆಗೆಸಿಕೊಂಡು, ಶುಕ್ರವಾರದ ವಿಮಾನಕ್ಕೆ ಮಂಗಳವಾರ ಬಂದು ಕೇಳ್ತಾರೆ: "ತತ್ಕಾಲ್ ಇಲ್ವಾ ಡಾಕ್ಟ್ರೇ?"

ಡಾಕ್ಟರು ಏನಂತಾರೆ?

ಅವರ ಮೊದಲ ಪ್ರಶ್ನೆ, "ಮೊಟ್ಟೆ ಅಲರ್ಜಿ ಇದೆಯಾ?" ವಿಜ್ಞಾನಿ ಮ್ಯಾಕ್ಸ್ ಥೈಲರ್ ತಂಡ 1937ರ ಹೊತ್ತಿಗೆ ಪಳಗಿಸಿಕೊಟ್ಟ 17ಡಿ ಅನ್ನೋ ವೈರಸ್ ತಳಿ ಈ ಲಸಿಕೆಯಲ್ಲಿರೋದು, 1951ರ ನೊಬೆಲ್ ಬಂದದ್ದೂ ಇದೇ ಲಸಿಕೆಗೆ. ಅದನ್ನ ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸ್ತಾರೆ. ನಮ್ಮ ಯಜಮಾನರು, "ಮನೆಗೆ ಮೊಟ್ಟೆ ತರೋದೇ ಇಲ್ಲ ಸಾರ್, ಅಲರ್ಜಿ ಇದ್ರೆ ಗೊತ್ತಾಗೋದು ಹೇಗೆ?" ಅಂದ್ರು. "ಕೇಕ್ ತಿಂತೀರಾ?" "ಬರ್ತ್‌ಡೇಗೆ ತಿಂತೀವಿ." "ತಿಂದಾಗ ಏನಾದ್ರೂ ಆಗಿದೆಯಾ?" "ಅದು ಕೇಕ್ ಅಲ್ವಾ ಸಾರ್!" ಡಾಕ್ಟರು ಇನ್ನೇನೂ ಕೇಳದೆ ಸಿರಿಂಜ್ ಎತ್ತಿಕೊಂಡರು.

ಸೂಜಿ ಬೇಡ, ಕಾರ್ಡ್ ಮಾತ್ರ ಸಾಕು ಅನ್ನೋರೂ ಇದ್ದಾರಾ?

ಇಲ್ಲದೆ ಏನು! "ಸೀಲ್ ಒತ್ತಿಬಿಡಿ, ಏನೋ ನೋಡ್ಕೊಳ್ಳೋಣ" ಅಂತಾರೆ. ಜ್ವರಕ್ಕೆ ಹೆದರಿ ಬಂದವರನ್ನ ನಾನು ಕಾಣೆ. ಎಲ್ಲರೂ ಕೌಂಟರ್ ಹಿಂದೆ ಕೂತ ಆಫೀಸರಿಗೆ ಹೆದರಿ ಬಂದವರೇ. ಸೀಲ್ ಬಿದ್ದಿದೆಯಾ, ಸಹಿ ಇದೆಯಾ, ಬ್ಯಾಚ್ ನಂಬರ್ ಸರಿ ಇದೆಯಾ ಅಂತ ಕನ್ನಡಕ ಏರಿಸಿ ನೋಡ್ತಾರೆ. ಜ್ವರ ಬಂದ್ರೆ ಏನಾಗುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಕೆಲವರಿಗೆ ಲಿವರ್ ಕೆಟ್ಟು ಕಣ್ಣು ಹಳದಿಯಾಗುತ್ತೆ, ರಕ್ತ ವಾಂತಿಯಾಗುತ್ತೆ. ವೈರಸ್ಸನ್ನೇ ಕೊಲ್ಲೋ ಔಷಧಿ ಇಲ್ಲ.

ಭಾರತದಲ್ಲಿ ಹಳದಿ ಜ್ವರವೇ ಇಲ್ಲವಲ್ಲ, ಮತ್ಯಾಕೆ ಇಷ್ಟು ಬಿಗಿ?

ಜ್ವರ ಇಲ್ಲ, ಸೊಳ್ಳೆ ಇದೆ. ಡೆಂಗಿ ಹರಡೋ ಈಡಿಸ್ ಈಜಿಪ್ಟಿಯೇ ಇದನ್ನೂ ಹರಡೋದು. ಸೋಂಕು ಹೊತ್ತವರು ಒಬ್ಬರು ಬಂದಿಳಿದರೆ ಮುಂದಿನದ್ದು ಅದು ನೋಡ್ಕೊಳ್ಳುತ್ತೆ. ಅದಕ್ಕೇ ಕೀನ್ಯಾದಿಂದ ವಾಪಸ್ ಬರುವಾಗ ನಮ್ಮವರೇ ನನ್ನನ್ನ ಕೇಳ್ತಾರೆ. ನಾನಿಲ್ಲದಿದ್ರೆ ಆರು ದಿನದವರೆಗೆ ಕ್ವಾರಂಟೈನ್. ಇತ್ತ ಯಜಮಾನರ ಬಾಲ್ಕನಿಯಲ್ಲಿ ಹೂಕುಂಡದ ಅಡಿಯ ತಟ್ಟೆಯಲ್ಲಿ ಅದೇ ಸೊಳ್ಳೆಯ ಮರಿಗಳು ಈಜಾಡ್ತಿವೆ. ಆ ನೀರು ಚೆಲ್ಲೋಕೆ ಕಾರ್ಪೊರೇಷನ್‌ನವರೇ ಬರಬೇಕಂತೆ.

ಕರ್ನಾಟಕದ ಬಗ್ಗೆ ನಿಮಗೇನೋ ಹಳೆಯ ಮುನಿಸು ಇದೆ ಅಂತ ಕೇಳಿದೆ.

ಮುನಿಸಲ್ಲ, ಸುಮ್ಮಸುಮ್ಮನೆ ಹೆಸರು ಕೆಟ್ಟಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಉದುರಿ ಬೀಳ್ತಿದ್ದಾಗ ವಿಜ್ಞಾನಿಗಳು ಮೊದಲು ಶಂಕಿಸಿದ್ದು ನಮ್ಮ ಹಳದಿ ಜ್ವರವನ್ನೇ. ದಕ್ಷಿಣ ಅಮೆರಿಕದಲ್ಲಿ ಅದು ಬಂದಿದೆ ಅಂತ ತಿಳಿಯೋದೇ ಕಾಡಿನ ಮಂಗಗಳು ಸತ್ತಾಗ. ಪರೀಕ್ಷೆ ಮಾಡಿದ್ರೆ ಉಣುಗಿನಿಂದ ಹರಡೋ ಹೊಸ ವೈರಸ್ಸು! ಒಂದೇ ಕುಲದ ದಾಯಾದಿ. ಮಲೆನಾಡಿನವರು ಅದಕ್ಕೆ ಮಂಗನ ಕಾಯಿಲೆ ಅಂದ್ರು. ಪಾಪ, ಸತ್ತಿದ್ದೂ ಮಂಗ, ಕೆಟ್ಟ ಹೆಸರು ಬಂದಿದ್ದೂ ಮಂಗಕ್ಕೇ.

ಅಂತೂ ನೀವು ಜೊತೆಗಿದ್ದರೆ ಆಫ್ರಿಕಾದಲ್ಲಿ ಯಾವ ಭಯವೂ ಇಲ್ಲ ಅನ್ನಿ.

ಯಾರು ಹೇಳಿದ್ದು? ಯಜಮಾನರೂ ಹೀಗೇ ಅಂದ್ಕೊಂಡಿದ್ದಾರೆ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಹಾಕಿಸ್ಕೊಳ್ಳಿ ಅಂದಾಗ, "ಕಡ್ಡಾಯನಾ?" ಅಂದ್ರು. ಅಲ್ಲ ಅಂದ ಕೂಡಲೇ ಎದ್ದರು. ಮಲೇರಿಯಾ ಮಾತ್ರೆಯನ್ನ ಹೊರಡೋ ಮುಂಚೆ ಶುರು ಮಾಡಿ, ಊರಿಗೆ ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಬೇಕು. ಚೀಟಿ ಬರೆಸಿಕೊಂಡಿದ್ದಾರೆ, ಮಾತ್ರೆ ತಗೊಂಡಿಲ್ಲ. ಅದಕ್ಕೊಂದು ಕಾರ್ಡ್ ಇಲ್ಲವಲ್ಲ!

ಸೊಳ್ಳೆ ಓಡಿಸೋ ಕ್ರೀಮಾದರೂ ಇದೆಯಾ?

ಅಮ್ಮಾವ್ರು ನೆನಪಿಟ್ಟು ದೊಡ್ಡ ಬಾಟಲಿಯನ್ನೇ ಹ್ಯಾಂಡ್‌ಬ್ಯಾಗಿಗೆ ಹಾಕಿದ್ರು. ನೂರು ಎಂಎಲ್‌ಗಿಂತ ಜಾಸ್ತಿ ಅಂತ ಈಗಷ್ಟೇ ಸೆಕ್ಯೂರಿಟಿಯವರು ಎತ್ತಿ ಡಬ್ಬಕ್ಕೆ ಹಾಕಿದ್ರು. ಚಟ್ನಿಪುಡಿ ಬಿಟ್ಟಿದ್ದಾರೆ.