ಪಿಎಚ್‌ಡಿ ಉಪಕರಣ: ಬಳಕೆದಾರರ ಕೈಪಿಡಿ

ಮಷೀನ್ ಲರ್ನಿಂಗ್ ಮಾದರಿಯ ಪಿಎಚ್‌ಡಿಯನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಒಮ್ಮೆ ಸೀಲ್ ಒಡೆದ ಸರಕನ್ನು ವಾಪಸು ಪಡೆಯುವುದಿಲ್ಲ.

ಪೆಟ್ಟಿಗೆಯಲ್ಲಿ ಏನಿದೆ: ಗೇಟ್ ಸ್ಕೋರ್ ಕಾರ್ಡ್ ಇಲ್ಲ, ಅದನ್ನು ನೀವೇ ತರತಕ್ಕದ್ದು, ಬಾಳಿಕೆ 3 ವರ್ಷ. ಸ್ಟೈಪೆಂಡ್ ಇದೆ. 2023ರ ಜನವರಿಯ ಪರಿಷ್ಕರಣೆಯಂತೆ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ದಾಟಿ ಎಸ್‌ಆರ್‌ಎಫ್ ಆದರೆ 42,000. ಇದನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಸೇರಿದ ಬ್ಯಾಚ್‌ಮೇಟ್ ಹತ್ತಿರ ಇಟ್ಟರೆ ಕುಗ್ಗುತ್ತದೆ. ದೂರದಲ್ಲಿಡಿ.

ಪರೀಕ್ಷಾ ಚಾಲನೆ: ಸಂದರ್ಶನದಲ್ಲಿ ನೀವು ಟ್ರಾನ್ಸ್‌ಫಾರ್ಮರ್ ಬಗ್ಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಎದುರಿಗಿದ್ದವರು ಮ್ಯಾಟ್ರಿಕ್ಸ್‌ನ ರ‍್ಯಾಂಕ್ ಅಂದರೇನು ಎಂದು ಕೇಳಬಹುದು. ಗಾಬರಿ ಬೇಡ. ಉತ್ತರ ಗೊತ್ತಿದೆಯೇ ಎನ್ನುವುದಕ್ಕಿಂತ, ಗೊತ್ತಿಲ್ಲದಾಗ ನೀವು ಏನು ಮಾಡುತ್ತೀರಿ ಎಂದು ನೋಡುತ್ತಿದ್ದಾರೆ. ಮುಂದಿನ ಐದು ವರ್ಷವೂ ನಿಮಗೆ ಅದೇ ಕೆಲಸ.

ಗೈಡ್ ಜೋಡಣೆ: ಇದು ಉಪಕರಣದ ಮುಖ್ಯ ಭಾಗ, ಬಿಡಿಭಾಗವಾಗಿ ಸಿಗುವುದಿಲ್ಲ. ವಿಷಯ ಮೊದಲೋ ಗೈಡ್ ಮೊದಲೋ ಎಂಬ ಚರ್ಚೆ ಈ ಕೈಪಿಡಿಯ ಮಟ್ಟಿಗೆ ಮುಗಿದಿದೆ: ಗೈಡ್. ವಿಷಯ ನಡುವೆ ಬದಲಾಗುತ್ತದೆ, ಗೈಡ್ ಬದಲಾದರೆ ಮೊದಲಿಂದ ಶುರು. ಹೆಸರಾಂತ ಗೈಡ್ ಹತ್ತಿರ ಹಣವಿರುತ್ತದೆ, ಸಮಯವಿರುವುದಿಲ್ಲ. ಹೊಸದಾಗಿ ಸೇರಿದವರ ಹತ್ತಿರ ಸಮಯವಿರುತ್ತದೆ, ಎಷ್ಟರಮಟ್ಟಿಗೆಂದರೆ ಭಾನುವಾರವೂ. ಲ್ಯಾಬಿನ ವೆಬ್‌ಸೈಟನ್ನು ನಂಬಬೇಡಿ. ಸೀನಿಯರ್‌ಗಳನ್ನು ಕ್ಯಾಂಟೀನಿಗೆ ಕರೆದೊಯ್ದು ಕಾಫಿ ಕೊಡಿಸಿ ಕೇಳಿ: ಹಿಂದಿನವರಿಗೆ ಎಷ್ಟು ವರ್ಷ ಹಿಡಿಯಿತು? ಡ್ರಾಫ್ಟ್ ಕೊಟ್ಟರೆ ಎಂದು ವಾಪಸು ಬರುತ್ತದೆ? ಇಂಟರ್ನ್‌ಶಿಪ್‌ಗೆ ಬಿಡುತ್ತಾರಾ? ಮಧ್ಯದಲ್ಲಿ ಬಿಟ್ಟುಹೋದವರು ಎಷ್ಟು ಜನ? ಕೊನೆಯ ಪ್ರಶ್ನೆಗೆ ಸೀನಿಯರ್ ಉತ್ತರ ಕೊಡದೆ ಇನ್ನೊಂದು ಕಾಫಿ ಹೇಳಿದರೆ, ಅದೇ ಉತ್ತರ.

ವಿದ್ಯುತ್ ಬಳಕೆ: ಲ್ಯಾಬಿನ ಜಿಪಿಯುಗೆ ಸರದಿ ಇದೆ. ದೊಡ್ಡ ಕಂಪನಿಗಳು ಸಾವಿರಾರು ಜಿಪಿಯು ಹಚ್ಚಿ ಮಾಡುವ ಪ್ರಯೋಗವನ್ನು ನಾಲ್ಕರಲ್ಲಿ ಮಾಡಹೊರಟರೆ ಉಪಕರಣ ಬಿಸಿಯಾಗುತ್ತದೆ, ನೀವೂ. ಕಡಿಮೆ ವಿದ್ಯುತ್ತಿನ ಮಾದರಿಯೂ ಲಭ್ಯ: 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ಆಗಷ್ಟೇ ಬಿ.ಟೆಕ್ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಜೊತೆ ಸೇರಿ, ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿ, ಬೇಗ ಹೇಳುವ ವಿಧಾನ ಕಂಡುಹಿಡಿದರು. ಅದಕ್ಕೆ ಬೇಕಾಗಿದ್ದದ್ದು ಬೀಜಗಣಿತ.

ಡೆಡ್‌ಲೈನ್: ನೀವು ಪೇಪರ್ ಕಳಿಸುವ ಸಮ್ಮೇಳನಗಳ ಗಡಿಯಾರ ಭೂಮಿಯ ಮೇಲೆ ಎಲ್ಲಕ್ಕಿಂತ ತಡವಾಗಿ ದಿನ ಮುಗಿಯುವ ಜಾಗದ್ದು. ಹಾಗಾಗಿ ನಡುರಾತ್ರಿಯ ಗಡುವು ನಮಗೆ ಮರುದಿನ ಸಂಜೆ 5.29ಕ್ಕೆ ಬೀಳುತ್ತದೆ. ಈ ಹೆಚ್ಚುವರಿ ಹೊತ್ತನ್ನು ನಿದ್ದೆಗೆ ಬಳಸಿದವರ ದಾಖಲೆ ಇಲ್ಲ.

ದೋಷ ಪತ್ತೆ: ಪೇಪರ್ ತಿರಸ್ಕೃತವಾದರೆ ಮೊದಲು ಪ್ಲಗ್ ನೋಡಿ. ಪ್ಲಗ್ ಸರಿಯಿದ್ದರೆ 2014ರ ನಿಪ್ಸ್ (ಈಗಿನ ನ್ಯೂರಿಪ್ಸ್) ಸಮ್ಮೇಳನದ ಪ್ರಯೋಗವನ್ನು ನೆನೆಯಿರಿ. ಅಲ್ಲಿ ಒಂದಷ್ಟು ಪೇಪರ್‌ಗಳನ್ನು ಎರಡು ಬೇರೆ ಸಮಿತಿಗಳಿಗೆ ಕೊಟ್ಟು ನೋಡಿದಾಗ, ಒಂದು ಸಮಿತಿ ಒಪ್ಪಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ತಳ್ಳಿಹಾಕಿತ್ತು. ಆದ್ದರಿಂದ ಎಸೆಯಬೇಡಿ. ಸೆಪ್ಟೆಂಬರ್‌ನಲ್ಲಿ ನ್ಯೂರಿಪ್ಸ್ ಬೇಡ ಎಂದದ್ದನ್ನು ತಿದ್ದಿ ಐಸಿಎಲ್‌ಆರ್‌ಗೆ ಕಳಿಸಿ, ಅಲ್ಲಿ ಬಿದ್ದರೆ ಜನವರಿಯಲ್ಲಿ ಐಸಿಎಂಎಲ್‌ಗೆ. ಅಲ್ಲೂ ಆಗದಿದ್ದರೆ ಮೇ ಬಂದಿರುತ್ತದೆ, ನ್ಯೂರಿಪ್ಸ್ ಮತ್ತೆ ಅರ್ಜಿ ಕರೆದಿರುತ್ತದೆ.

ವಾರಂಟಿ: ಯುಜಿಸಿಯ 2022ರ ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6, ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮನೆಯವರ ಪ್ರಶ್ನೆಗಳು ಇದರಡಿ ಬರುವುದಿಲ್ಲ.